ಓಂಕಾರೇಶರ ಕಂಪ್ಯೂಟರಿನೊಳಗಿದ್ದ ಮುಖ

೨೦೨೫ರ ಅಕ್ಟೋಬರ್ ಒಂದನೆಯ ತಾರೀಖು, ಬುಧವಾರ, ಆಯುಧಪೂಜೆಯ ದಿನ ಕಡೂರಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯವರು ಅಜ್ಜಂಪುರದ ಓಂಕಾರೇಶರ ಯಂತ್ರವನ್ನು ಒಮ್ಮೆಯೂ ಚಾಲೂ ಮಾಡಿ ನೋಡದೆ, ಸರಿಯಾಗಿದೆಯೆಂದು ಹೇಳಿ ಒಪ್ಪಿಸಿದರು. ಅನ್ಯಾಯ ಆರಂಭವಾದದ್ದು ಅಲ್ಲಿ.

ಓಂಕಾರೇಶರ ಕಸುಬು ಯಾರೂ ಬಯಸಿ ಹುಡುಕಿಕೊಂಡು ಬರುವಂಥದ್ದಲ್ಲ. ಮದುವೆಯ ಪತ್ರಿಕೆಗೆ ಜನ ದೊಡ್ಡ ಪ್ರೆಸ್ಸುಗಳಿಗೆ ಹೋಗುತ್ತಾರೆ. ಶಿವಗಣಾರಾಧನೆಯ ಪತ್ರಿಕೆ, ಶ್ರದ್ಧಾಂಜಲಿಯ ಫ್ಲೆಕ್ಸ್ ಎಂದರೆ ಇವರ ಬಾಗಿಲಿಗೆ ಬರುತ್ತಾರೆ. ಗುಂಪಿನ ಚಿತ್ರದಿಂದ ಸತ್ತವರ ಮುಖವನ್ನು ಬೇರ್ಪಡಿಸಿ, ಹೆಗಲ ಮೇಲಿನ ಪರರ ಕೈ ಅಳಿಸಿ, ಬಿಳಿ ಅಂಗಿ ತೊಡಿಸಿ ಕೊಡುತ್ತಾರೆ. “ಬದುಕಿದ್ದಾಗ ಒಂದ್ ಒಳ್ಳೆ ಅಂಗಿ ಕಾಣ್ಲಿಲ್ಲ ನಮ್ಮಪ್ಪ, ನೀವೇ ಹೊಲಿಸ್ಕೊಟ್ರಿ ಕಣ್ರೀ” ಎಂದು ಅಳುತ್ತಲೇ ನಕ್ಕವರಿದ್ದಾರೆ.

ಹಿಂದಿನ ವರ್ಷ ಹಿರೇನಲ್ಲೂರಿನ ಅಂಬಮ್ಮನ ಮಗ ವಿಜಯ್ ಲಾರಿಗೆ ಸಿಕ್ಕಿ ಸತ್ತಾಗ, ಒಡೆದ ಫೋನಿನಿಂದ ಅವನ ಮುಖವನ್ನು ಎತ್ತಿದವರೂ ಇವರೇ. ಆ ಫೋನು ಮತ್ತೆ ಬೆಳಗಲಿಲ್ಲ. ಕಟ್ಟಿದ ಫ್ಲೆಕ್ಸ್ ಬಿಸಿಲಿಗೆ ಬೆಳ್ಳಗಾಯಿತು. ಆಧಾರ್ ಕಾರ್ಡಿನಲ್ಲಿದ್ದದ್ದು ಗುರುತು ಹತ್ತದ ಎಳೆ ಹುಡುಗನ ಮುಖ. ವರ್ಷ ತುಂಬುವವರೆಗೆ ಸತ್ತವರ ಚಿತ್ರ ಗೋಡೆ ಏರಬಾರದೆಂಬುದು ಆ ಮನೆಯ ರೂಢಿಯಾದ್ದರಿಂದ ಅಂಬಮ್ಮ ಚಿತ್ರಕ್ಕೆ ಕಟ್ಟು ಹಾಕಿಸಿರಲಿಲ್ಲ. “ವರ್ಷದ ಎಡೆಗೆ ಮಾಡ್ಕೊಡಪ್ಪ, ಅಲ್ಲಿಗಂಟ ನಿನ್ನತ್ರಾನೇ ಇರ್ಲಿ” ಎಂದಿದ್ದಳು. ಓಂಕಾರೇಶರು ಬೇರೆ ಪ್ರತಿ ಇಟ್ಟಿರಲಿಲ್ಲ. ವಿಜಯನ ಮುಖ ಉಳಿದಿದ್ದುದು ಅವರ ಕಂಪ್ಯೂಟರಿನ ಡಿಸ್ಕಿನಲ್ಲಿ ಮಾತ್ರ.

ಎಡೆಗೆ ಇನ್ನೂ ದಿನಗಳಿರುವಾಗ ಕಂಪ್ಯೂಟರ್ ಕೆಟ್ಟಿತು. ಕಡೂರಿನ ಅಂಗಡಿಯಲ್ಲಿ ಮದರ್‌ಬೋರ್ಡನ್ನೂ, ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಡಬ್ಬಿಯನ್ನೂ ಬದಲಿಸಿದರು. ತರಲು ಹೋದಾಗ ಯಂತ್ರದ ಮೇಲೆ ವಿಭೂತಿ, ಕುಂಕುಮ, ಚೆಂಡುಹೂವು.

“ಒಂದ್ಸಲ ಹಾಕಿ ತೋರ್ಸಿ ಸ್ವಾಮಿ.”

“ಪೂಜೆ ಆಗೋಗಿದೆಯಲ್ಲ ಓಂಕಾರಣ್ಣ! ಇವತ್ತು ಆಯುಧ ಮುಟ್ಟಂಗಿಲ್ಲ. ನಿಮಗೆ ನಾನು ಹೇಳ್ಬೇಕಾ?” ಎಂದ ಮಾಲೀಕ.

ಹೇಳಬೇಕಾಗಿರಲಿಲ್ಲ. ಓಂಕಾರೇಶರು ತಮ್ಮ ಕತ್ತರಿಯನ್ನೂ ಅಂದು ಮುಟ್ಟುವವರಲ್ಲ. ಯಂತ್ರವನ್ನು ಹೊತ್ತು ತಂದು ಮನೆಯಲ್ಲೂ ಮಂಗಳಾರತಿ ಎತ್ತಿದರು.

ಮರುದಿನ ಗುಂಡಿ ಒತ್ತಿದರೆ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೂ ಅಷ್ಟೇ. ರ‍್ಯಾಮ್ ಕಳಚಿ, ಅದರ ಅಂಚನ್ನು ರಬ್ಬರಿನಿಂದ ಉಜ್ಜಿ ಕೂರಿಸಿದರು. ಸಡಿಲವಾದ ವೈರುಗಳನ್ನು ಒತ್ತಿದರು. ಪ್ರಯೋಜನವಾಗಲಿಲ್ಲ. ಒಂದೊಂದೇ ಭಾಗ ಕಳಚುತ್ತ ಬಂದು, ಕೊನೆಗೆ ಡಿಸ್ಕಿನ ವೈರು ಕಿತ್ತಾಗ ಫ್ಯಾನು ಒಂದೇ ಸಮನೆ ತಿರುಗಿತು, ಪರದೆ ಬೆಳಗಿತು.

“ಬಂತಲ್ರೀ!” ಎಂದು ಹೆಂಡತಿ ತೀರ್ಥಮ್ಮ ಹಿಗ್ಗಿದರು. ಓಂಕಾರೇಶರು ಹಿಗ್ಗಲಿಲ್ಲ. ಡಿಸ್ಕನ್ನು ಮೂಗಿಗೆ ಹಿಡಿದರು. ಸುಟ್ಟ ವಾಸನೆ.

ಯಂತ್ರವನ್ನು ಮತ್ತೆ ಕಡೂರಿಗೆ ಹೊತ್ತೊಯ್ದರು. ಮಾಲೀಕ ಅದರ ಮುಚ್ಚಳ ತೆಗೆದು ನೋಡಿದ.

“ಡಿಸ್ಕಿಗೆ ಹಾಕಿರೋ ಈ ವೈರು ನನ್ನ ಹಳೇ ಡಬ್ಬೀದಲ್ವಾ?” ಎಂದು ಓಂಕಾರೇಶರು ಕೇಳಿದರು.

“ಹೂಂ, ಅದನ್ನೇ ಬಿಟ್ಟೆ. ಪ್ಲಗ್ ಸರಿಯಾಗಿ ಕೂತ್ಕೊಂತಲ್ಲ.”

ಪ್ಲಗ್ಗು ಕೂರುತ್ತದೆ, ನಿಜ. ಆದರೆ ಡಬ್ಬಿಗಳ ತಯಾರಕರು ಬೇರೆಯಾದರೆ ಒಳಗಿನ ತಂತಿಗಳ ಜೋಡಣೆಯೂ ಬೇರೆಯಾಗಬಹುದು. ಐದು ವೋಲ್ಟ್ ಹೋಗಬೇಕಾದಲ್ಲಿ ಹನ್ನೆರಡು ವೋಲ್ಟ್ ಹೋಗಬಹುದು. ಮಾಲೀಕನಿಗೆ ಇದು ತಡವಾಗಿ ಹೊಳೆದಿರಬೇಕು; ಮಾತು ತಿರುಗಿಸಿದ.

“ಒಳಗೆಲ್ಲ ಕುಂಕುಮ ಉದುರಿದೆ ನೋಡಿ. ಇದಕ್ಕೆ ವಾರಂಟಿ ಬರಲ್ಲ.”

“ಕುಂಕುಮ ಹಚ್ಚಿದ್ದು ನೀವೇ ಕಣ್ರೀ!”

“ಮನೇಲಿ ನೀವು ಹಚ್ಲಿಲ್ವಾ? ದೇವರ ಮುಂದೆ ಹೇಳಿ.”

ದೇವರ ಹೆಸರೆತ್ತಿದ ಮೇಲೆ ಓಂಕಾರೇಶರಿಗೆ ಸುಳ್ಳು ಬರಲಿಲ್ಲ; ಹಚ್ಚಿದೆ ಎಂದರು. ಅಂಗಡಿಯಲ್ಲಿದ್ದವರು ನಕ್ಕರು. “ಡಿಸ್ಕ್ ಬಿಟ್ಟೋಗಿ, ನೋಡ್ತೀನಿ” ಎಂದ ಮಾಲೀಕನನ್ನು ನಂಬಿ ಬಿಟ್ಟುಬಂದರು. ವಾರದೊಳಗೆ ಮತ್ತೆ ಹೋದಾಗ ಸಿಕ್ಕ ಉತ್ತರ: “ಸತ್ತೋಗಿತ್ತಲ್ಲ ಅಣ್ಣ, ಗುಜರಿಗೆ ಹಾಕ್ದೆ.”

ಎಡೆಯ ದಿನ ಓಂಕಾರೇಶರು ಬರಿಗೈಯಲ್ಲಿ ಹಿರೇನಲ್ಲೂರಿಗೆ ಹೋದರು. ಮಣೆಯ ಮುಂದೆ ಎಲೆ ಹಾಸಿತ್ತು. ಮಗನಿಗೆ ಇಷ್ಟವಾದದ್ದೆಲ್ಲ ಬಡಿಸಿತ್ತು. ಹಾರ ಹಿಡಿದು ಕುಳಿತಿದ್ದ ಅಂಬಮ್ಮ ಬೈಯಲಿಲ್ಲ.

“ಮುಖಾನೇ ಇಲ್ದೆ ಯಾರಿಗಪ್ಪ ಹಾಕ್ಲಿ ಇದನ್ನ?” ಎಂದಷ್ಟೇ ಕೇಳಿದಳು.

ಓಂಕಾರೇಶರು ಅಂದಿನಿಂದ ಸತ್ತವರ ಚಿತ್ರದ ಕೆಲಸ ಹಿಡಿದಿಲ್ಲ. ಬಂದವರನ್ನು ತರೀಕೆರೆಗೆ ಕಳುಹಿಸುತ್ತಾರೆ.

ಅಂಗಡಿಯ ಮಾಲೀಕರೇ, ಹೆಚ್ಚಿನ ವೋಲ್ಟಿನ ಇಂಥ ಹೊಡೆತಕ್ಕೆ ಸಾಮಾನ್ಯವಾಗಿ ಸುಡುವುದು ಡಿಸ್ಕಿನ ಹೊರಗಿನ ಕಾರ್ಡು. ಮುಖ ಅಡಗಿದ ಒಳಗಿನ ತಟ್ಟೆಗಳು ಉಳಿದಿರುವ ಸಂಭವವಿದೆ, ಅವನ್ನು ಓದುವ ತಜ್ಞರಿದ್ದಾರೆ. ಪರರ ಸ್ವತ್ತನ್ನು ಕೇಳದೆ ಎಸೆಯಲು ನಿಮಗೆ ಅಧಿಕಾರ ಕೊಟ್ಟವರು ಯಾರು? ಯಾವ ಗುಜರಿಯವನಿಗೆ ಹಾಕಿದಿರೋ ಅವನಲ್ಲಿಗೆ ಇಂದೇ ಹೋಗಿ. ರಾಶಿಯನ್ನು ನಿಮ್ಮ ಕೈಯಾರೆ ಕೆದಕಿ, ಆ ಡಿಸ್ಕನ್ನು ತಂದು ಓಂಕಾರೇಶರಿಗೆ ಒಪ್ಪಿಸಿ. ಸಿಗದಿದ್ದರೆ ಹಿರೇನಲ್ಲೂರಿಗೆ ಹೋಗಿ, ಸುಟ್ಟದ್ದು ಕುಂಕುಮದಿಂದಲ್ಲ, ನನ್ನಿಂದ ಎಂದು ಅಂಬಮ್ಮನ ಎದುರು ನಿಂತು ನಿಮ್ಮ ಬಾಯಿಂದಲೇ ಹೇಳಿ.