ಮುನ್ನೂರ ಹತ್ತು ಹೆಜ್ಜೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಖಾಲಿ ಮೈದಾನದಲ್ಲಿ ಒಬ್ಬ ಹೆಂಗಸು ಸೊಂಟ ಬಗ್ಗಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ನೆಲದಲ್ಲಿ ಕಲ್ಲು ಆರಿಸುತ್ತಿದ್ದಾರೆ. ಮೊಳೆ, ಬಾಟಲಿ ಮುಚ್ಚಳ, ಗಾಜಿನ ಚೂರು ಎಲ್ಲವೂ ಬಕೆಟ್ಟಿಗೆ ಬೀಳುತ್ತವೆ.

"ಕೆಲವು ಕಾರು ಬಸುರಿ ಬೆಕ್ಕಿನ ಥರ, ಹೊಟ್ಟೆ ನೆಲಕ್ಕೇ ತಾಗುತ್ತೆ. ಇಷ್ಟೇ ಇಷ್ಟು ಕಲ್ಲು ಸಾಕು, ಗೀಚಿಬಿಡುತ್ತೆ. ಆಮೇಲೆ ಒಡೆಯನ ಮುಖ ನೋಡೋಕಾಗಲ್ಲ" ಎನ್ನುತ್ತಾರೆ.

ಇವರು ಮೈದಾನ ಗುಡಿಸುವವರು. ವಯಸ್ಸು ಅರವತ್ತೊಂದು. ತಿಂಗಳ ಮೊದಲ ಭಾನುವಾರ ಇಲ್ಲಿ ಕಾರು ಪ್ರದರ್ಶನ ನಡೆಯುತ್ತದೆ. ಬರುವವರೆಲ್ಲ ಇವರನ್ನು ಕರೆಯುವುದು 'ಮುಂದಿನಕ್ಕ' ಎಂದು. ಆ ಹೆಸರು ಬಂದದ್ದು ಒಂದು ತಪ್ಪಿನಿಂದ, ಆದರೆ ತಪ್ಪು ಅವರದಲ್ಲ.

ಮೈದಾನದಿಂದ ದೊಡ್ಡ ರಸ್ತೆಗೆ ಇರುವುದು ಒಂದೇ ಓಣಿ. ಎರಡೂ ಕಡೆ ಮನೆಗಳು, ಮೂರನೆಯದು ಅಕ್ಕನದೇ. ಪ್ರದರ್ಶನದಲ್ಲಿ ಬೆಳಗ್ಗೆಯಿಂದ ಬೆಣ್ಣೆಯಂತಿದ್ದ ಹುಡುಗರಿಗೆ ಹೊರಡುವಾಗ ಮಾತ್ರ ಮೈಮೇಲೆ ಬರುತ್ತಿತ್ತು. ನಿಂತಲ್ಲೇ ಎಂಜಿನ್ ಅರಚಿಸುವುದು, ಟೈರು ಸುಟ್ಟು ಹೊಗೆ ಎಬ್ಬಿಸುವುದು. ಕಳೆದ ವರ್ಷ ಹಾಗೆ ಜಾರಿದ ಒಂದು ಕಾರಿನ ಹಿಂಭಾಗ ಮೊದಲ ಮನೆಯ ಕಾಂಪೌಂಡಿಗೆ ಬಡಿಯಿತು. ಆ ಮನೆಯಲ್ಲಿ ನಿವೃತ್ತ ನರ್ಸಮ್ಮ, ಹಾಸಿಗೆ ಹಿಡಿದ ಗಂಡನೊಡನೆ ಇದ್ದಾರೆ. ಯಜಮಾನರು ಆವತ್ತು ಬೆಚ್ಚಿ ನಡುಗಿದ್ದು ಮಾರನೆಯ ದಿನವೂ ನಿಂತಿರಲಿಲ್ಲ. ನರ್ಸಮ್ಮ ದೂರು ಕೊಟ್ಟರು. ಕೊಡದೆ ಇನ್ನೇನು ಮಾಡಿಯಾರು?

ಮೈದಾನದ ಮಾಲೀಕರು ಕೊನೆಯ ಮಾತು ಹೇಳಿದರು: ದೂರಿಲ್ಲದೆ ಆರು ಪ್ರದರ್ಶನ ಮುಗಿದರೆ ಸರಿ, ಮಧ್ಯೆ ಒಂದು ದೂರು ಬಂದರೂ ಗೇಟಿಗೆ ಬೀಗ. ಗೇಟು ಮುಚ್ಚಿದರೆ ಅಕ್ಕನ ಕೆಲಸವೂ ಮುಗಿದ ಹಾಗೆ.

ನಡೆಸುವವರು ಬೋರ್ಡು ಬರೆಸೋಣ, ಕಾವಲಿಗೆ ಜನ ಹಾಕೋಣ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಅಕ್ಕ ಪೊರಕೆ ಗೋಡೆಗೆ ಒರಗಿಸಿ ಹೇಳಿದರಂತೆ: "ನಾನು ಮುಂದೆ ನಡೀತೀನಿ. ಅವರು ಹಿಂದೆ ಬರ್ಲಿ."

ಅದು ಅವರಿಗೆ ಹೊಸದಲ್ಲ. ಹದಿನೆಂಟು ವರ್ಷ ರಸ್ತೆ ಕೆಲಸದಲ್ಲಿ, ರೋಡ್ ರೋಲರಿನ ಮುಂದೆ ಕೆಂಪು ಬಾವುಟ ಹಿಡಿದು ನಡೆದವರು ಅವರು. ಸುಡುವ ಡಾಂಬರಿನ ಮೇಲೆ ನಡೆದೂ ನಡೆದೂ ಮೊಣಕಾಲು ಸವೆಯಿತು, ಆ ಕೆಲಸ ಬಿಟ್ಟರು. ಈಗ ಬಾವುಟ ಬೇಡವೆನ್ನುತ್ತಾರೆ. "ಬಾವುಟ ಕಂಡ್ರೆ ಗಂಡಸರಿಗೆ ಹಠ ಬರುತ್ತೆ. ಖಾಲಿ ಕೈ ಕಂಡ್ರೆ ನಾಚಿಕೆ ಬರುತ್ತೆ."

ಓಣಿ ಮುನ್ನೂರ ಹತ್ತು ಹೆಜ್ಜೆ. ಹತ್ತು ಕಾರಿಗೆ ಒಂದು ಸಲ, ನೂರಿಪ್ಪತ್ತು ಕಾರಿಗೆ ಹನ್ನೆರಡು ಸಲ ಹೋಗಬೇಕು, ಹನ್ನೆರಡು ಸಲ ವಾಪಸ್ ಬರಬೇಕು. ಎಷ್ಟಾಯಿತು ಎಂದು ಕೇಳಿದರೆ, "ಲೆಕ್ಕ ಮೊಣಕಾಲಿಗೆ ಗೊತ್ತು, ಅದನ್ನೇ ಕೇಳಿ" ಎಂದು ನಗುತ್ತಾರೆ.

ಇಂದು ಆರನೆಯ ಪ್ರದರ್ಶನ. ಬೆಳಗ್ಗೆಯೇ ಒಂದು ಹೊಸ ಕೆಂಪು ಕಾರಿನವನು, ಪಕ್ಕದಲ್ಲಿ ನಿಂತ ತರಕಾರಿ ವ್ಯಾಪಾರಿಯ ಹಳೆಯ ಪುಟ್ಟ ಕಾರನ್ನು ನೋಡಿ, "ಇದನ್ನೂ ತೋರಿಸೋಕೆ ತಂದಿದ್ದೀರಾ?" ಎಂದು ನಕ್ಕಿದ್ದಾನೆ. ವ್ಯಾಪಾರಿ ತನ್ನ ಕಾರಿನ ಗಾಜು ಒರೆಸಿದ್ದಾನೆ.

ಸಂಜೆ ಹನ್ನೊಂದನೆಯ ಸಾಲು ಹೊರಡುತ್ತದೆ. ಅಕ್ಕನ ಬೆನ್ನಿಗೇ ಕೆಂಪು ಕಾರು, ಅದರ ಹಿಂದೆ ಪುಟ್ಟ ಕಾರು, ಆಮೇಲೆ ಎಂಟು. ನರ್ಸಮ್ಮ ಗೇಟಿನಲ್ಲಿ ಕೈಕಟ್ಟಿ ನಿಂತಿದ್ದಾರೆ. ಸರಿಯಾಗಿ ಅವರ ಮನೆ ಹತ್ತಿರವಾಗುವಾಗ ಕೆಂಪು ಕಾರು ಒಮ್ಮೆ ಗುಟುರು ಹಾಕುತ್ತದೆ.

ಅಕ್ಕ ತಿರುಗಿ ನೋಡುವುದಿಲ್ಲ, ಬೈಯುವುದೂ ಇಲ್ಲ. ನಡು ಓಣಿಯಲ್ಲಿ ನಿಲ್ಲುತ್ತಾರೆ. ಒಂದು ಚಪ್ಪಲಿ ಬಿಚ್ಚಿ, ಇಲ್ಲದ ಕಲ್ಲನ್ನು ಕೊಡವಿ, ನಿಧಾನವಾಗಿ ಹಾಕಿಕೊಳ್ಳುತ್ತಾರೆ. ಆಮೇಲೆ ಇನ್ನೊಂದು ಚಪ್ಪಲಿ. ಹಿಂದೆ ಹತ್ತೂ ಕಾರು ಕಾಯುತ್ತವೆ.

"ಲೇ, ಸುಮ್ನಿರೋ! ನಿನ್ನಿಂದ ಎಲ್ಲರಿಗೂ ಗೇಟು ಮುಚ್ಚುತ್ತೆ!" ಎಂದು ಹಿಂದಿನಿಂದ ಯಾರೋ ಕೂಗುತ್ತಾರೆ.

ಪುಟ್ಟ ಕಾರಿನಿಂದ ವ್ಯಾಪಾರಿ ಇಳಿದು ಬಂದು ಕೆಂಪು ಕಾರಿನ ಕಿಟಕಿಗೆ ಬಗ್ಗುತ್ತಾನೆ. "ಅಣ್ಣ, ಹೊಸ ಕಾರು ಯಾಕೋ ನರಳ್ತಿದೆ. ಹೊಟ್ಟೆನೋವಾ? ನನ್ನದರಲ್ಲಿ ಹಗ್ಗ ಇದೆ, ಕಟ್ಟಿ ಎಳೀಲಾ?"

ಓಣಿಗೆ ಓಣಿಯೇ ನಗುತ್ತದೆ. ನರ್ಸಮ್ಮನ ತುಟಿಯೂ ಅಲುಗುತ್ತದೆ. ಕೆಂಪು ಕಾರು ಮಗುವಿನ ಹಾಗೆ ಅಕ್ಕನ ಹಿಂದೆ ನಡೆಯುತ್ತದೆ. ದೊಡ್ಡ ರಸ್ತೆಯ ಬಾಯಲ್ಲಿ ಅದರ ಗಾಜು ಇಳಿಯುತ್ತದೆ: "ತಪ್ಪಾಯ್ತಕ್ಕ."

"ಹೋಗ್ಬಾಪ್ಪ. ಮುಂದಿನ ಸಲ ಅವನ ಕಾರಿನ ಪಕ್ಕದಲ್ಲೇ ನಿಲ್ಸು. ಗಾಜು ಒರೆಸೋದು ಕಲೀತೀಯ."

ಹನ್ನೆರಡನೆಯ ಸಾಲು ಬಿಟ್ಟು ವಾಪಸ್ ಬರುವಾಗ ನರ್ಸಮ್ಮ ಇನ್ನೂ ಗೇಟಿನಲ್ಲೇ ಇದ್ದಾರೆ. ಅಕ್ಕನ ಕಾಲು ತಡೆಯುತ್ತದೆ. ದೂರು ಕೊಡುವುದಿದ್ದರೆ ಇವರೇ ಕೊಡಬೇಕು.

"ಮುಂದಿನ ತಿಂಗಳು ಯಾವತ್ತೇ?"

"ಮೊದಲ ಭಾನುವಾರ ಅಮ್ಮ. ಯಾಕೆ?"

"ಹಿಂದಿನ ದಿನ ನೆನಪು ಮಾಡು. ಇವರ ಮಂಚ ಕಿಟಕಿ ಕಡೆ ತಿರುಗಿಸ್ಬೇಕು. ಇವತ್ತು ಸದ್ದಲ್ಲೇ ಕಾರು ಎಣಿಸ್ತಿದ್ರು, ನಡುವೆ ಲೆಕ್ಕ ತಪ್ಪಿತಂತೆ."

ಅಕ್ಕ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಾರೆ. ಡ್ರೈವಿಂಗ್ ಕಲಿಯುವ ಆಸೆಯಿಲ್ಲವೇ ಎಂದರೆ ತಲೆಯಾಡಿಸುತ್ತಾರೆ.

"ನನಗ್ಯಾಕಪ್ಪ? ಎಂತೆಂಥ ಕಾರು ಬಂದ್ವು, ಗಾಳೀನೇ ಹಿಂದಿಕ್ಕುತ್ತೆ ಅಂತಾರೆ" ಎನ್ನುತ್ತ ಚಪ್ಪಲಿ ಜೋಡಿಸಿಡುತ್ತಾರೆ. "ಈ ಓಣೀಲಿ ಇವತ್ತಿನವರೆಗೂ ನನ್ನ ಒಂದೂ ಹಿಂದೆ ಹಾಕಿಲ್ಲ."