ನಾಮ ಹಾಕಿದ ಹುಲಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ನನ್ನ ತಮ್ಮ ರಾಮಾನುಜ ಹೇಗೂ ಹೇಳುತ್ತಾನೆ. ಪಕ್ಕದ ಮನೆಯವರ ಜಡೆಬಿಲ್ಲೆಯಿಂದ ಹಿಡಿದು ತರಗತಿಯ ಹುಡುಗಿಯ ಹೊಸ ಸ್ಲೇಟಿನವರೆಗೆ ನನ್ನ ಹೊಟ್ಟೆ ಉರಿಸದ ವಸ್ತು ಮದ್ದೂರಿನಲ್ಲಿ ಇರಲಿಲ್ಲ. ಆದರೆ ಅಪ್ಪನ ವಿಷಯದಲ್ಲಿ ಉರಿದಷ್ಟು ಇನ್ಯಾವುದಕ್ಕೂ ಉರಿದಿಲ್ಲ.

ಅಪ್ಪನ ಹೆಸರು ಯೋಗಾನರಸಿಂಹ. ಮದ್ದೂರಿನಲ್ಲಿ ಮೇಷ್ಟ್ರು. ಬೆಳಿಗ್ಗೆ ಐದಕ್ಕೆ ಎದ್ದು ಶಿಂಷಾ ಹೊಳೆಯಲ್ಲಿ ಮುಳುಗಿ ಬಂದು ಹಣೆಗೆ ನಾಮ ತಿದ್ದಿಕೊಳ್ಳುವರು. ಎರಡು ಬಿಳಿ ಗೆರೆ, ನಡುವೆ ಒಂದು ಕೆಂಪು ಗೆರೆ, ಮೂಗಿನ ಬುಡಕ್ಕೆ ಇಳಿದ ಪಾದ. ಅಳತೆಪಟ್ಟಿ ಇಟ್ಟು ಎಳೆದ ಹಾಗಿರುತ್ತಿತ್ತು. ಅವರ ಮಾತೂ ಹಾಗೆಯೇ. ನಮ್ಮ ಮನೆಗೆ ಈರುಳ್ಳಿ ಬೆಳ್ಳುಳ್ಳಿಗೆ ಪ್ರವೇಶವಿರಲಿಲ್ಲ, ನಗುವಿಗೂ ಹೆಚ್ಚುಕಡಿಮೆ ಅಷ್ಟೇ. ನನ್ನ ಕಾಪಿಪುಸ್ತಕ ತೋರಿಸಿದರೆ ಅಕ್ಷರ ಹುಳ ಹರಿದ ಹಾಗಿದೆ ಎಂದು ಹಿಂದಕ್ಕೆ ಕೊಡುವರು. ಅವರ ಕೋಟು ಗೂಟದಲ್ಲಿ ತೂಗುತ್ತಿದ್ದರೆ ನಾನಾಗಲಿ ರಾಮಾನುಜನಾಗಲಿ ಅದರ ತೋಳನ್ನೂ ಮುಟ್ಟುವ ಹಾಗಿರಲಿಲ್ಲ.

ವರ್ಷಕ್ಕೆ ಎರಡು ದಿನ ಅಪ್ಪ ಇಲಾಖೆ ಕೆಲಸವೆಂದು ಮಳವಳ್ಳಿಗೆ ಹೋಗುತ್ತಿದ್ದರು. ಅದು ಅವರು ಹುಟ್ಟಿದ ಊರು. ತಾತ ಅಲ್ಲಿ ಗುಡಿಯ ಅರ್ಚಕರಾಗಿದ್ದರಂತೆ, ಈಗ ನಮ್ಮವರೆಂಬುವರು ಅಲ್ಲಿ ಯಾರೂ ಉಳಿದಿರಲಿಲ್ಲ. ಹಿಂದಿರುಗಿ ಬಂದಾಗ ಅಪ್ಪನ ಕಿವಿಯ ಹಿಂದೆ ಹಳದಿ ಕಲೆ ಇರುತ್ತಿತ್ತು, ಮೈಗೆ ಸೀಮೆಎಣ್ಣೆ ವಾಸನೆ ಇರುತ್ತಿತ್ತು. ಅಮ್ಮನನ್ನು ಕೇಳಿದರೆ ಅರಿಶಿನ ಕಣೆ ಎಂದು ಒಳಗೆ ಹೋಗಿಬಿಡುವಳು. ಪ್ರತಿ ಸಲವೂ ಒಂದು ಪೊಟ್ಟಣ ಸಕ್ಕರೆ ಬರುತ್ತಿತ್ತು. ಮೊದಲ ಚಿಟಿಕೆ ನನ್ನ ನಾಲಗೆಗೆ, ಉಳಿದದ್ದು ಮಿಕ್ಕವರಿಗೆ. ಯುದ್ಧದ ಕಾಲದಲ್ಲಿ ಸಕ್ಕರೆ ಸಿಕ್ಕುವುದೇ ಹೆಚ್ಚು, ಆದರೂ ನಾನು ಹೊಗೆ ವಾಸನೆ ಎಂದು ಮುಖ ಕಿವಿಚುತ್ತಿದ್ದೆ. ರಾಮಾನುಜ ಮಾತ್ರ ಆ ಮೊದಲ ಚಿಟಿಕೆಗಾಗಿ ಮೂರು ದಿನ ನನ್ನ ಜೊತೆ ಮಾತು ಬಿಡುತ್ತಿದ್ದ.

ನಲವತ್ತನಾಲ್ಕನೇ ಇಸವಿಯ ಜನವರಿ. ಅಪ್ಪ ಬೆಳಗಿನ ಬಸ್ಸಿಗೆ ಮಳವಳ್ಳಿಗೆ ಹೋದ ಮೇಲೆ, ಅವರ ಪಂಚಾಂಗದ ನಡುವೆ ನನಗೊಂದು ಕಾರ್ಡು ಸಿಕ್ಕಿತು. ದುಂಡು ದುಂಡು ಅಕ್ಷರ, ಒಂದೂ ಗೆರೆ ತಪ್ಪಿಲ್ಲ. 'ಮೇಷ್ಟ್ರು ಮಾಮನಿಗೆ ತಾಹೇರಾಳ ಸಲಾಂ. ನೀವು ಹಾಕಿಕೊಟ್ಟ ಕಾಪಿ ಪೂರಾ ಬರೆದಿದ್ದೇನೆ. ಹಬ್ಬಕ್ಕೆ ತಪ್ಪದೆ ಬನ್ನಿ. ಹೋದ ವರ್ಷ ನೀವು ನಕ್ಕ ನಗುವಿಗೆ ನಮ್ಮ ಕೋಳಿಗಳೆಲ್ಲ ಅಟ್ಟ ಹತ್ತಿದ್ದವು.' ಕೆಳಗೆ ವಿಳಾಸ: ಬೋರ್ಡು ಬರೆಯುವ ಗೌಸ್ ಪೀರ್ ಸಾಬರ ಮನೆ, ಮಳವಳ್ಳಿ.

ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮಪ್ಪ ನಗುತ್ತಾರಂತೆ, ಅದೂ ಕೋಳಿ ಹೆದರುವ ಹಾಗೆ! ಆ ಅಕ್ಷರ ತಿದ್ದಿದ್ದು ನಮ್ಮಪ್ಪನ ಕೈ. ನನಗೆ ಹುಳ, ಅವಳಿಗೆ ಮುತ್ತು. ಅಂಥ ತಾಹೇರಾ ಯಾರೆಂದು ಕಣ್ಣಾರೆ ನೋಡಿಯೇ ತೀರಬೇಕೆಂದು ರಾಮಾನುಜನ ಕೈ ಹಿಡಿದು ಎಳೆದುಕೊಂಡು ಹೊರಟೆ. ಅವನಿಗೆ ಬಸ್ಸು ಹತ್ತುವುದೇ ಸಾಕಿತ್ತು.

ಮುಂದಿನ ಬಸ್ಸಿನ ಕಂಡಕ್ಟರ್ ಪುಟ್ಟಸ್ವಾಮಿ ಅಪ್ಪನ ಹಳೇ ಶಿಷ್ಯ. ಅಪ್ಪ ನಶ್ಯದ ಡಬ್ಬಿ ಮರೆತು ಹೋಗಿದ್ದಾರೆ, ಕೊಡಬೇಕು ಎಂದು ಸುಳ್ಳು ಹೇಳಿದೆ. ಅಪ್ಪನಿಗೆ ನಶ್ಯದ ಅಭ್ಯಾಸವೇ ಇಲ್ಲವೆಂದು ಗೊತ್ತಿದ್ದೂ ಅವನು ಹತ್ತಿಸಿಕೊಂಡ. ಪೆಟ್ರೋಲು ಸಿಗದ ದಿನಗಳಾದ್ದರಿಂದ ಬಸ್ಸಿನ ಬೆನ್ನಿಗೆ ಇದ್ದಿಲು ಉರಿಸುವ ದೊಡ್ಡ ಪೀಪಾಯಿ ಕಟ್ಟಿದ್ದರು. ದೊಡ್ಡಿ ಎಂಬ ಊರು ದಾಟಿ ಸ್ವಲ್ಪ ಏರು ಸಿಕ್ಕಿದ್ದೇ ಬಸ್ಸು ನಿಂತಿತು. ಎಲ್ಲರೂ ಇಳಿದು ಸರದಿಯ ಮೇಲೆ ಬೆಂಕಿಗೆ ಗಾಳಿ ಊದುವ ಹಿಡಿಯನ್ನು ತಿರುಗಿಸಬೇಕಾಯಿತು. ನಮ್ಮ ಸರದಿ ಬಂದಾಗ ಪೀಪಾಯಿ ಒಂದು ಸಲ ಕೆಮ್ಮಿ ಮಸಿಯನ್ನೆಲ್ಲ ನಮ್ಮ ಮುಖಕ್ಕೆ ಉಗುಳಿತು. ಒರೆಸಿಕೊಂಡಷ್ಟೂ ಹರಡಿತು.

ಮಳವಳ್ಳಿಯಲ್ಲಿ ಬಾಬಯ್ಯನ ಹಬ್ಬ. ಮೊಹರಂ ತಿಂಗಳು ನಡೆಯುವ ಈ ಹಬ್ಬಕ್ಕೆ ಅಲ್ಲಿ ಸಾಬರು, ಗೌಡರು, ಕುಂಬಾರರು ಎಲ್ಲರೂ ಹರಕೆ ಹೊರುತ್ತಾರೆ. ಹರಕೆ ಹೊತ್ತವರು ಮೈಗೆ ಬಣ್ಣ ಬಳಿದುಕೊಂಡು ಹುಲಿಯಾಗಿ ಕುಣಿಯುತ್ತಾರೆ. ಚೌಕದಲ್ಲಿ ತಮಟೆ ಬಡಿಯುತ್ತಿತ್ತು, ಮೂರು ಹುಲಿಗಳು ಕುಣಿಯುತ್ತಿದ್ದವು. ಅದರಲ್ಲಿ ಹೊಟ್ಟೆ ಸ್ವಲ್ಪ ಮುಂದೆ ಬಂದ ಒಂದು ಹುಲಿ ಹಿಂದಕ್ಕೆ ಬಾಗಿ ನೆಲದ ಮೇಲಿನ ನಿಂಬೆಹಣ್ಣನ್ನು ಹಲ್ಲಿನಿಂದ ಎತ್ತಿ, ಎದ್ದುನಿಂತು, ಉಗುಳಿ, ಗಹಗಹಿಸಿ ನಕ್ಕಿತು. ಜನ ಶಿಳ್ಳೆ ಹಾಕಿದರು.

ರಾಮಾನುಜ ನನ್ನ ಲಂಗ ಜಗ್ಗಿದ.

"ಅಕ್ಕಾ, ಆ ಹುಲಿಗೆ ನಾಮ ಇದೆ."

ಇತ್ತು. ಮಿಕ್ಕ ಹುಲಿಗಳ ಹಣೆಗೆ ಅಡ್ಡಪಟ್ಟೆ, ಇದಕ್ಕೆ ಮಾತ್ರ ಎರಡು ಬಿಳಿ ಗೆರೆ, ನಡುವೆ ಕೆಂಪು, ಮೂಗಿನ ಮೇಲೆ ಪಾದ. ಅಳತೆಪಟ್ಟಿ ಇಟ್ಟು ಎಳೆದ ಹಾಗೆ. ಹುಲಿಯಾದರೂ ನಾಮ ಬಿಡುವುದಿಲ್ಲವೆಂದು ಅಪ್ಪ ಹಟ ಹಿಡಿದದ್ದರಿಂದ ಗೌಸ್ ಪೀರ್ ಸಾಬರು ಹಾಗೆ ಬರೆದಿದ್ದರೆಂದು ಆಮೇಲೆ ತಿಳಿಯಿತು.

ಹುಲಿಯ ಹಿಂದೆಯೇ ನನ್ನ ವಯಸ್ಸಿನ ಒಬ್ಬಳು ನಿಂತಿದ್ದಳು. ಕಂಕುಳಲ್ಲಿ ಅಪ್ಪನ ಕೊಡೆ, ಕೈಯಲ್ಲಿ ಅಪ್ಪನ ಕನ್ನಡಕ, ತೋಳಿನ ಮೇಲೆ ನಾವು ಮುಟ್ಟಬಾರದ ಆ ಕೋಟು. ಅಪ್ಪ ಹುಲಿಯಾಗಿದ್ದನ್ನು ನಾನು ಆ ಕ್ಷಣಕ್ಕೆ ಮರೆತೇಬಿಟ್ಟೆ. ಹೋಗಿ ಕೋಟಿನ ಒಂದು ತೋಳು ಹಿಡಿದು ಎಳೆದೆ. ಅವಳು ಇನ್ನೊಂದನ್ನು ಬಿಡಲಿಲ್ಲ.

"ಬುಡೇ. ಇದು ಮೇಷ್ಟ್ರು ಮಾಮನ ಕೋಟು. ಕರಡಿ ವೇಸದೋರು ಆಚೆ ಬೀದೀಲವ್ರೆ, ಅಲ್ಗೋಗು," ಎಂದಳು.

ನನ್ನ ಮಸಿ ಮುಖ ನೆನಪಾಗಿ ಇನ್ನಷ್ಟು ಸಿಟ್ಟು ಬಂತು. ನಾನು ಅವರ ಮಗಳು ಎಂದೆ. ಅವಳು ಕೋಟು ಬಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆಂಡಾಳಾ ನೀನು? ನಿನ್ ಮ್ಯಾಲೆ ನಂಗೆ ಮೂರ್ ವರ್ಸದಿಂದ ಒಟ್ಟೆಉರಿ ಕಣೆ. ಕುಣಿಯೋದು ನಮ್ ಬೀದೀಲಿ, ಬಣ್ಣ ಬಳಿಯೋದು ನಮ್ಮಪ್ಪ, ಎಸ್ರು ಮಾತ್ರ ನಿಂದು."

ನನಗೆ ಏನೂ ಅರ್ಥವಾಗಲಿಲ್ಲ. ತಾಹೇರಾ ನನ್ನನ್ನು ಜಗಲಿಯ ಮೇಲೆ ಕೂರಿಸಿ, ದಡ್ಡಿಗೆ ಹೇಳುವ ಹಾಗೆ ಹೇಳಿದಳು. ನಮ್ಮ ಅಜ್ಜಿಗೆ ಮೊದಲು ಹುಟ್ಟಿದ ಮೂರು ಮಕ್ಕಳೂ ಉಳಿದಿರಲಿಲ್ಲವಂತೆ. ಅಪ್ಪ ಹುಟ್ಟಿದಾಗ, ಈ ಮಗು ಬದುಕಿದರೆ ಏಳು ವರ್ಷ ಹುಲಿ ಮಾಡಿಸುತ್ತೇನೆಂದು ಅಜ್ಜಿ ಬಾಬಯ್ಯನಿಗೆ ಹರಕೆ ಹೊತ್ತಳಂತೆ. ಮೂರು ವರ್ಷ ನಡೆಯಿತು. ಉಪನಯನವಾದ ಮೇಲೆ ತಾತ, ಜನಿವಾರದ ಮೇಲೆ ಹುಲಿಪಟ್ಟೆಯೇ ಎಂದು ಗದರಿ ನಿಲ್ಲಿಸಿಬಿಟ್ಟರು. ಅಪ್ಪನೂ ಮರೆತರು. ನಾಲ್ಕು ವರ್ಷದ ಹಿಂದೆ ನನಗೆ ವಿಷಮಜ್ವರ ಬಂದು ಡಾಕ್ಟರು ಕೈಚೆಲ್ಲಿದಾಗ ಅವರಿಗೆ ಆ ಹಳೇ ಹರಕೆ ನೆನಪಾಯಿತು. ಹೇಗೋ ಜ್ವರ ಬಿಟ್ಟಿತು. ಅಂದಿನಿಂದ ಉಳಿದ ನಾಲ್ಕು ವರ್ಷವನ್ನು ನನ್ನ ಹೆಸರಿನಲ್ಲಿ ತೀರಿಸುತ್ತಿದ್ದಾರೆ. ಬಾಲ್ಯದ ಗೆಳೆಯ ಗೌಸ್ ಪೀರರ ಮನೆಯಲ್ಲಿ ಹಾಲು ಹಣ್ಣು ಮಾತ್ರ ತಿಂದು ಎರಡು ದಿನ ಇರುತ್ತಾರೆ. ಬಿಡುವಾದಾಗ ತಾಹೇರಾಳ ಅಕ್ಷರ ತಿದ್ದುತ್ತಾರೆ.

ಅಷ್ಟರಲ್ಲಿ ತಮಟೆ ನಿಂತಿತು. ಹುಲಿಗಳು ಬಾಬಯ್ಯನ ಹಸ್ತವೆನ್ನುವ ಪಂಜಾ ಕೂರಿಸಿದ ಚಾವಡಿಗೆ ಹೋಗಿ ಕೈಮುಗಿದು ನಿಂತವು. ಒಳಗಿನಿಂದ ಲೋಬಾನದ ಹೊಗೆ ಬಂತು. ಅದು ನನ್ನ ಸಕ್ಕರೆಯ ವಾಸನೆ. ಪಂಜಾದ ಸೇವೆ ಮಾಡುವ ಮುಜಾವರ್ ಸಾಬರು ಸಕ್ಕರೆ ತಟ್ಟೆಯ ಮೇಲೆ ಓದಿ, ಯಾರ ಹೆಸರಿಗೆ ಎಂದು ಕೇಳಿದರು. ಅಪ್ಪ ಏದುಸಿರು ಬಿಡುತ್ತಾ ಹೇಳಿದರು.

"ಆಂಡಾಳ್."

ಶಾಲೆಯ ಹಾಜರಿಯಲ್ಲಿ ಕೂಗುವ ದನಿ ಅದಾಗಿರಲಿಲ್ಲ. ನನಗೆ ಅಳು ಬಂತು, ಮಸಿಯ ಮೇಲೆ ಕಣ್ಣೀರು ಇಳಿದು ನನಗೂ ಪಟ್ಟೆ ಮೂಡಿದವು. ಅಪ್ಪ ತಿರುಗಿ ನೋಡಿದರು. ನನ್ನನ್ನು ಕಂಡಿದ್ದೇ ತಡ, ಹುಲಿಯ ಮುಖದಲ್ಲಿದ್ದ ನಗು ಮಾಯವಾಗಿ ಮೇಷ್ಟ್ರ ಮುಖ ಬಂದುಬಿಟ್ಟಿತು.

"ಇದೇನು ಅವತಾರ? ಹೋಗಿ ಮುಖ ತೊಳ್ಕೊಂಡು ಬಾ."

ಮೈಯೆಲ್ಲ ಹಳದಿ ಕಪ್ಪು ಬಳಿದುಕೊಂಡು ನಿಂತವರು ಹಾಗೆಂದದ್ದಕ್ಕೆ ಗೌಸ್ ಪೀರ್ ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ನಗಲಿಲ್ಲ.

ಮದ್ದೂರಿಗೆ ಹಿಂದಿರುಗಿ ಬಸ್ಸು ಇಳಿಯುವಾಗ ಅವರು, ಹರಕೆಯ ಏಳು ವರ್ಷ ಆಯಿತು, ಇನ್ನು ಹೋಗುವುದಿಲ್ಲ ಎಂದಷ್ಟೇ ಹೇಳಿದರು. ನನಗೆ ಬೇಕಾಗಿದ್ದೂ ಅದೇ. ತಾಹೇರಾಳಿಗೆ ಇನ್ನು ಕೊಡೆಯಿಲ್ಲ, ಕೋಟಿಲ್ಲ, ನಮ್ಮಪ್ಪನ ನಗುವಿಲ್ಲ. ಒಂದು ವಾರ ಖುಷಿಯಾಗಿದ್ದೆ. ಆಮೇಲೆ ನೋಡಿದರೆ ನಮಗೂ ಇರಲಿಲ್ಲ. ನಾಮ, ಕೋಟು, ಹುಳ ಹರಿದ ಅಕ್ಷರ, ಎಲ್ಲ ಮೊದಲಿನ ಹಾಗೇ. ನಗುವ ಅಪ್ಪ ಮಳವಳ್ಳಿಯಲ್ಲೇ ಉಳಿದುಬಿಟ್ಟಿದ್ದರು. ಆ ಹುಲಿಯ ಮೇಲೂ ನನಗೆ ಹೊಟ್ಟೆಕಿಚ್ಚು ಶುರುವಾಯಿತು.

ಕೊನೆಗೆ ನಾಚಿಕೆ ಬಿಟ್ಟು, ಅಪ್ಪನನ್ನು ಮತ್ತೆ ಹಬ್ಬಕ್ಕೆ ಹೊರಡಿಸುವುದು ಹೇಗೆಂದು ಕೇಳಿ ತಾಹೇರಾಳಿಗೇ ಒಂದು ಕಾರ್ಡು ಬರೆದೆ. ಹಬ್ಬ ಸಾಬರ ತಿಂಗಳ ಪ್ರಕಾರ ವರ್ಷವರ್ಷವೂ ಹಿಂದೆ ಹಿಂದೆ ಸರಿಯುವುದರಿಂದ ಅದೇ ಡಿಸೆಂಬರಿನಲ್ಲಿ ಮತ್ತೆ ಬರುವುದಿತ್ತು. ಹಬ್ಬದ ಹಿಂದಿನ ದಿನ ಪುಟ್ಟಸ್ವಾಮಿ ಒಂದು ಚಿಕ್ಕ ಗಂಟು ತಂದು ಗುಟ್ಟಾಗಿ ನನ್ನ ಕೈಗಿಟ್ಟ. ಒಳಗೆ ಒಂದು ದಪ್ಪ ಈರುಳ್ಳಿ, ಜೊತೆಗೆ ದುಂಡಕ್ಷರದ ಚೀಟಿ. ಸಿಪ್ಪೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮಲಗಿದರೆ ಮೈ ಬಿಸಿಯಾಗುತ್ತದೆ, ಇಸ್ಕೂಲು ತಪ್ಪಿಸೋಕೆ ನಾನು ಹೀಗೇ ಮಾಡೋದು ಎಂದಿತ್ತು.

ಬೆಳಿಗ್ಗೆ ಹಾಗೇ ಮಾಡಿ ನಡುಮನೆಯಲ್ಲಿ ಕಂಬಳಿ ಹೊದ್ದು ನರಳಿದೆ. ಹುಟ್ಟಿದಾರಭ್ಯ ಈರುಳ್ಳಿ ಮುಟ್ಟಿರದ ನನಗೆ ಅದರ ವಾಸನೆ ಎಷ್ಟು ದೂರ ಹೋಗುತ್ತದೆಂದು ಗೊತ್ತಿರಲಿಲ್ಲ. ಈರುಳ್ಳಿ ಒಗ್ಗರಣೆಯ ನಡುವೆಯೇ ಹುಟ್ಟಿ ಬೆಳೆದ ತಾಹೇರಾಳಿಗೂ ಅದು ಹೊಳೆದಿರಲಿಲ್ಲ. ಅಮ್ಮ ಮಡಿಯಲ್ಲಿದ್ದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಅಡುಗೆಮನೆಯಿಂದ ಇಣುಕಿದಳು. ಅಪ್ಪ ಬಂದು ಪಕ್ಕದಲ್ಲಿ ಕೂತು ಹಣೆ ಮುಟ್ಟಿದರು. ಮೂಗು ಅರಳಿಸಿದರು. ಕಂಬಳಿ ಸರಿಸಿ, ಉತ್ತರೀಯದ ತುದಿಯಿಂದ ಈರುಳ್ಳಿಯನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಬೆತ್ತ ಎಲ್ಲಿದೆಯೆಂದು ನಾನು ಕಣ್ಣು ಮುಚ್ಚಿಕೊಂಡೇ ಯೋಚಿಸುತ್ತಿದ್ದೆ.

"ಪಂಕಜ, ಮಗೂಗೆ ಜ್ವರ. ಮಳವಳ್ಳಿಗೆ ಹೋಗಿ ಬರ್ತೀನಿ," ಎಂದರು ಅಪ್ಪ.

"ಕಿವಿ ಹಿಂದೆ ಸರಿಯಾಗಿ ತೊಳ್ಕೊಂಡು ಬನ್ನಿ. ಅರಿಶಿನ ಅರಿಶಿನ ಅಂತ ಎಷ್ಟು ವರ್ಷ ಹೇಳಲಿ?" ಎಂದು ಅಮ್ಮ ಒಳಗಿನಿಂದಲೇ ಹೇಳಿದಳು.

ಅಪ್ಪ ಗೂಟದಿಂದ ಕೋಟು ತೆಗೆದು ನನ್ನ ತೋಳಿನ ಮೇಲೆ ಹಾಕಿದರು. ಏಳು, ಮುಖ ತೊಳ್ಕೊಂಡು ಬಾ, ಬಸ್ಸಿಗೆ ಹೊತ್ತಾಯಿತು ಎಂದರು. ಅದನ್ನು ನೋಡಿದ ರಾಮಾನುಜ ಓಡಿಬಂದು ನಾನು ಬಿಟ್ಟೆದ್ದ ಕಂಬಳಿಯೊಳಗೆ ನುಗ್ಗಿ, ತನಗೂ ಜ್ವರ ಎಂದು ನರಳತೊಡಗಿದ.

ಆಗ ಅಪ್ಪ ನಕ್ಕರು. ನಮ್ಮ ಮನೆಯಲ್ಲಿ ಕೋಳಿಗಳಿರಲಿಲ್ಲ, ಸೂರಿನ ಪಾರಿವಾಳಗಳು ಹಾರಿಹೋದವು.