ಅಜ್ಜಿ ಹಲ್ಲು ಬೆಳಗಿದ್ದು

ಜನವರಿ 12, ಭಾನುವಾರ. ಬೆಳಗ್ಗೆ ಏಳು ಹತ್ತಕ್ಕೆ ಬರೆಯಲು ಕೂತಿದ್ದೇನೆ. ಬಚ್ಚಲಿನಿಂದ ಪಾತ್ರೆ ಸೋಪಿನ ನಿಂಬೆ ವಾಸನೆ ಬರುತ್ತಿದೆ. ನಿಮ್ಮ ಮನೆಯಲ್ಲಾದರೆ ಯಾರೋ ತಟ್ಟೆ ತೊಳೆಯುತ್ತಿದ್ದಾರೆ ಎಂದುಕೊಳ್ಳುತ್ತೀರಿ. ಚಾಂಪಿಯನ್ ರೀಫ್ಸ್‌ನ ನಮ್ಮ ಮನೆಯಲ್ಲಿ ಇದು ಅಜ್ಜಿ ಹಲ್ಲು ತೊಳೆಯುವ ವಾಸನೆ. ಇಷ್ಟು ಸಣ್ಣ ಕೆಲಸಕ್ಕೂ ಒಂದು ಕಥೆಯಿದೆ.

ಅಜ್ಜಿ ಹಲ್ಲು ಕಟ್ಟಿಸಿಕೊಂಡದ್ದು ಊಟಕ್ಕಲ್ಲ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅಗಿಯುವ ನೆಂಟರನ್ನು ಕಂಡರೆ ಮಕ್ಕಳೂ ನಗುತ್ತವೆ. ಹಲ್ಲಿಲ್ಲದ ದಿನಗಳಲ್ಲೂ ಅಜ್ಜಿ ಮುದ್ದೆಯಲ್ಲಿ ನನ್ನನ್ನು ಹಿಂದೆ ಹಾಕುತ್ತಿದ್ದಳು. ಲೆಕ್ಕ ಇಟ್ಟವನು ನಾನೇ, ಆದ್ದರಿಂದ ವಾದಿಸುವಂತಿಲ್ಲ. ಹಲ್ಲು ಬೇಕಾದದ್ದು ಪಾನಿಪುರಿಗೆ. ಅವಳ ತಂಗಿ, ನಮ್ಮ ಚಿಕ್ಕಜ್ಜಿ, ಇರುವುದು ಕಾಮಸಮುದ್ರದಲ್ಲಿ. ತಿಂಗಳಿಗೊಂದು ಭಾನುವಾರ ಇಬ್ಬರೂ ಬಸ್ ಹತ್ತಿ ಬಂಗಾರಪೇಟೆಗೆ ಬಂದು, ಅದೇ ಗಾಡಿಯ ಮುಂದೆ ನಿಂತು, ಬಣ್ಣವಿಲ್ಲದ ತಿಳಿನೀರಿನ ಪಾನಿಪುರಿ ತಿಂದು, ಸಂಜೆಯವರೆಗೆ ಮಾತಾಡಿ ವಾಪಸಾಗುತ್ತಿದ್ದರು. ಹಲ್ಲು ಹೋದ ಮೇಲೆ ಅಜ್ಜಿ ಅದನ್ನು ನಿಲ್ಲಿಸಿಬಿಟ್ಟಳು. "ಬೊಕ್ಕಬಾಯಿ ಬಿಟ್ಕಂಡು ಬೀದಿಯಾಗೆ ನಿಂತ್ಕಳಾದಾ?" ಎನ್ನುತ್ತಿದ್ದಳು.

ಕಳೆದ ವರ್ಷ ಬೇಸಿಗೆಯ ಮೊದಲಿಗೆ ಹಲ್ಲಿನ ಸೆಟ್ಟು ಬಂತು. ಡಾಕ್ಟರಮ್ಮ ಅದನ್ನು ಅಜ್ಜಿಯ ಕೈಗಿಟ್ಟು, "ಟೂತ್‌ಪೇಸ್ಟ್ ಬೇಡಮ್ಮ, ಗೀರು ಬೀಳುತ್ತೆ. ಪಾತ್ರೆ ತೊಳೆಯೋ ಸೋಪಿನ ನೀರು ಒಂದು ಹನಿ ಸಾಕು. ರಾತ್ರಿ ತೆಗೆದು ನೀರಲ್ಲಿಡಿ" ಎಂದರು. ನಾನು ಬರೆದುಕೊಂಡೆ. ಅಜ್ಜಿ ಅರ್ಥ ಮಾಡಿಕೊಂಡಳು. ಎಡವಟ್ಟಾದದ್ದು ಅಲ್ಲೇ.

ಅಂದೇ ತಂಗಿಗೆ ಫೋನು. "ಬರೋ ಭಾನುವಾರ ಬತ್ತೀನಿ ಕಣೇ. ನನ್ನ ಅಲ್ಲು ನೋಡುವಂತೆ ಬಾ, ಮುತ್ತು ಜೋಡಿಸ್ದಂಗವೆ."

ಶನಿವಾರ ಅಡುಗೆಮನೆಗೆ ಹೋದೆ. ಅಜ್ಜಿ ನೆಲದ ಮೇಲೆ ಕೂತು, ಹುಣಸೇಹಣ್ಣು, ತೆಂಗಿನ ನಾರು ಹಿಡಿದು, ಹಬ್ಬಕ್ಕೆ ಹಿತ್ತಾಳೆ ದೀಪ ಬೆಳಗುವ ಶ್ರದ್ಧೆಯಲ್ಲಿ ಮೇಲಿನ ಸೆಟ್ಟನ್ನು ತಿಕ್ಕುತ್ತಿದ್ದಳು. ಕೆಳಗಿನದು ಆಗಲೇ ಒಲೆಯ ಮೇಲೆ, ಕುದಿಯುವ ನೀರಿನಲ್ಲಿತ್ತು.

"ಅಜ್ಜಿ, ಏನ್ ಮಾಡ್ತಿದ್ದೀಯ?"

"ಬೆಳಗ್ತಾ ಇವ್ನಿ ಕಣ್ಲಾ."

"ಅದೇನು ಪಾತ್ರೇನಾ?"

"ಪಾತ್ರೆ ಸೋಪು ಆಕು ಅಂದೋಳು ಡಾಕ್ಟ್ರಮ್ಮ. ನಾನಲ್ಲ."

ನಾನು ಹೋಗಿ ಒಲೆ ಆರಿಸಿದೆ. ನೋಡಿ, ನಾವು ಹಲ್ಲನ್ನು ಉಜ್ಜುತ್ತೇವೆ, ಪಾತ್ರೆಯನ್ನು ಬೆಳಗುತ್ತೇವೆ, ಬಟ್ಟೆಯನ್ನು ಒಗೆಯುತ್ತೇವೆ. ಬಾಯಿಂದ ಹೊರಗೆ ಬಂದ ಹಲ್ಲನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

ಬಿಸಿನೀರಿಗೆ ಕೆಳಗಿನ ಸೆಟ್ಟು ಸೊಟ್ಟಗಾಗಿತ್ತು. ಬಾಯಿಗಿಟ್ಟರೆ ಒಂದು ಕಡೆ ಏಳುತ್ತಿತ್ತು. ಮೇಲಿನದರ ತುಂಬ ಗೀರು. ಡಾಕ್ಟರಮ್ಮ ಫೋನಿನಲ್ಲಿ ಬೈಯಲಿಲ್ಲ, ಹೊಸದೇ ಮಾಡಬೇಕು, ಕೆಲವು ವಾರ ಹಿಡಿಯುತ್ತದೆ ಎಂದರು. ಅಜ್ಜಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಭಾನುವಾರ ಬೆಳಗ್ಗೆ ತಾನೇ ತಂಗಿಗೆ ಫೋನ್ ಮಾಡಿ, "ಜರ ಬಂದೈತೆ ಕಣೇ" ಎಂದಳು. ಚಿಕ್ಕಜ್ಜಿ ಆಗಲೇ ಬಸ್ಸಿನಲ್ಲಿದ್ದಳು. ಆ ಗದ್ದಲದಲ್ಲಿ ಅವಳಿಗೆ ಕೇಳಿಸಿದ್ದು 'ಬಂದೈತೆ' ಮಾತ್ರ. "ಬಸ್ ಬಂತಾ? ಅತ್ತು ಅತ್ತು, ಸೀಟು ಇಡ್ಕ" ಎಂದು ಇಟ್ಟುಬಿಟ್ಟಳು. ಇನ್ನು ಹೋಗದೆ ವಿಧಿಯಿರಲಿಲ್ಲ. ಜೊತೆಗೆ ನಾನೂ ಹೋದೆ.

ಗಾಡಿಯ ಮುಂದೆ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು.

"ಏನಕ್ಕಯ್ಯ, ಮುತ್ತು ಅಂದೆ, ಮುಚ್ಕಂಡೇ ಇದ್ದೀಯ? ಕಳ್ರು ಬತ್ತಾರಾ?" ಎಂದಳು ಚಿಕ್ಕಜ್ಜಿ.

ಅಜ್ಜಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಸೆರಗು ಇಳಿಯಿತು.

"ಬೇಯಿಸ್ಬುಟ್ಟೆ ಕಣೇ."

"ಏನ್ನ?"

"ಅಲ್ಲ್ನ."

ಚಿಕ್ಕಜ್ಜಿ ಗಾಡಿ ಹಿಡಿದುಕೊಂಡು ನಕ್ಕಳು. ಅವಳ ಬಾಯಲ್ಲೂ ಉಳಿದಿದ್ದದ್ದು ಎರಡೇ ಹಲ್ಲು ಎಂದು ನಮಗೆ ಗೊತ್ತಾದದ್ದು ಆಗ. "ಅಲ್ಲು ಮನ್ಯಾಗೆ ಬಿಟ್ರೂ ಬಾಯಿ ತಂದಿದ್ದೀಯಲ್ಲ, ಸಾಕು ಬಿಡು" ಎಂದು ಗಾಡಿಯವನ ಕಡೆ ತಿರುಗಿದಳು. "ಪೂರಿ ಪುಡಿ ಮಾಡಿ, ನೀರು ಉಯ್ದು, ಚೆನ್ನಾಗಿ ನೆನೆಸ್ಕೊಡಪ್ಪ. ಇಬ್ರಿಗೂ."

ಅಜ್ಜಿ ಮೊದಲ ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಮುದ್ದೆಯ ಹಾಗೆ ನುಂಗಿದಳು. ಅಂದು ಅವರು ಹೊರಟದ್ದು ಕಡೇ ಬಸ್ಸಿಗೆ. ಎಷ್ಟು ಪ್ಲೇಟು ತಿಂದರೆಂದು ನಾನು ಎಣಿಸಿದ್ದೇನೆ. ಎಣಿಸಿದ್ದಕ್ಕೆ ಇಬ್ಬರಿಂದಲೂ ಬೈಸಿಕೊಂಡದ್ದರಿಂದ ಇಲ್ಲಿ ಬರೆಯುವುದಿಲ್ಲ.

ಹೊಸ ಸೆಟ್ಟು ಬಂದು ತಿಂಗಳುಗಳಾದವು. ಅಜ್ಜಿ ಈಗ ಮೆತ್ತನೆಯ ಬ್ರಶ್ಶಿನಲ್ಲಿ, ತಣ್ಣೀರಿನಲ್ಲಿ ತೊಳೆಯುತ್ತಾಳೆ. ಜಾರಿದರೆ ಒಡೆಯದಿರಲೆಂದು ಕೆಳಗೆ ನೀರು ತುಂಬಿದ ಬೋಗುಣಿ ಇಡುತ್ತಾಳೆ. ಮೊದಮೊದಲು ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಈಗ ಅದನ್ನು ಬಿಟ್ಟಿದ್ದೇನೆ. ಬಂಗಾರಪೇಟೆಗೂ ಅವಳೊಬ್ಬಳೇ ಹೋಗಿಬರುತ್ತಾಳೆ.

ಈಗಷ್ಟೇ ಮುಖ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ಕೂತಳು. ಚಿಕ್ಕಜ್ಜಿಯ ಆ ಎರಡು ಹಲ್ಲೂ ಹೋದವಂತೆ. ಅಕ್ಕಯ್ಯನಿಗಿರುವುದು ತನಗೂ ಬೇಕು ಎಂದು ಹಟ ಹಿಡಿದಿದ್ದಾಳಂತೆ. ಆದರೆ ಕೆಳದವಡೆ ತೀರ ಸವೆದಿದೆ, ಸೆಟ್ಟು ನಿಲ್ಲುವುದು ಕಷ್ಟ ಎಂದು ಡಾಕ್ಟರಮ್ಮ ಹೇಳಿದ್ದಾರಂತೆ.

"ಅದೇನೋ ಬರೀತಾ ಇರ್ತೀಯಲ್ಲ, ಅದ್ರಾಗೆ ಕೇಳ್ಲಾ. ಯಾರಿಗಾನಾ ಗೊತ್ತಿರ್ತೈತೆ."

ಕೇಳುತ್ತಿದ್ದೇನೆ. ಸವೆದ ದವಡೆಗೆ ಹಲ್ಲು ಕಟ್ಟಿಸಿಕೊಂಡು, ಅದು ಜಾರದಂತೆ ನಿಭಾಯಿಸಿದವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಬರೆದು ತಿಳಿಸಿ. ನಮ್ಮ ಚಿಕ್ಕಜ್ಜಿ ಮೆಲ್ಲಗೆ ನಗುವವಳಲ್ಲ ಎಂಬುದನ್ನು ಮಾತ್ರ ಗಮನದಲ್ಲಿಟ್ಟುಕೊಂಡು ಬರೆಯಿರಿ.